ಮಗಳ ಕ್ಲಾಸಿನ ಕೊನೆಯ ಸಾಲು

ನಾರ್ತ್ ಲೇಕ್ಸ್, ಬ್ರಿಸ್ಬೇನ್
ಬುಧವಾರ

ಪ್ರೀತಿಯ ನಿಸರ್ಗ,

ಶನಿವಾರದ ಕನ್ನಡ ಶಾಲೆಯಲ್ಲಿ ನೀನು ಕಲಿತದ್ದು ಈ ಕಾಗದಕ್ಕೆ ಸಾಕು. ನಿಧಾನವಾಗಿ ಓದು.

ನಾಳೆ ಯೂನಿವರ್ಸಿಟಿಯ ಕೆಮಿಸ್ಟ್ರಿ ಕ್ಲಾಸಿಗೆ ದಯವಿಟ್ಟು ಸ್ಕೂಲ್ ಯೂನಿಫಾರ್ಮಿನಲ್ಲಿ ಬರಬೇಡ. ಬೇರೆ ಬಟ್ಟೆ ಇಸ್ತ್ರಿ ಮಾಡಿ ಕಾರಿನಲ್ಲಿಟ್ಟಿದ್ದೇನೆ. ಹನ್ನೆರಡನೇ ಕ್ಲಾಸಿನ ಹುಡುಗಿ ಈಗಲೇ ಡಿಗ್ರಿಯ ಕ್ರೆಡಿಟ್ ಗಳಿಸುತ್ತಿದ್ದಾಳೆಂದು ಲೆಕ್ಚರರ್ ನಿನ್ನನ್ನು ತೋರಿಸಿದಾಗಲೆಲ್ಲ, ಅದೇ ಕ್ಲಾಸಿನ ಕೊನೆಯ ಸಾಲಿನಲ್ಲಿ ಕೂತ ನನಗೆ ಹೊಟ್ಟೆ ಉರಿಯುತ್ತದೆ. ತಾಯಿಯಾದವಳು ಹೀಗೆ ಬರೆಯಬಾರದು, ಗೊತ್ತು. ಆದರೆ ಮೈಸೂರಿನಲ್ಲಿ ಇದೇ ಪಾಠವನ್ನು ವರ್ಷಗಟ್ಟಲೆ ಹೇಳಿಕೊಟ್ಟವಳು ನಾನು. ನನ್ನ ಎಂ.ಎಸ್ಸಿ. ಹಳೆಯದಾಯಿತೆಂದು ಒಂದು ಕ್ರೆಡಿಟ್ಟನ್ನೂ ಕೊಡದೆ, ನರ್ಸಿಂಗ್ ಓದಲು ಮೊದಲಿನಿಂದ ಕೂರಿಸಿದ್ದಾರೆ.

ಭಾನುವಾರ ನಮಿತಾ ಆಂಟಿಯ ಮನೆಗೆ ಊಟಕ್ಕೆ ಹೋದಾಗ ಅವರು ನನ್ನನ್ನು ಕೇಳಿದರು: "ಮಗಳು ಸ್ಕೂಲಲ್ಲಿರೋವಾಗ್ಲೇ ಯೂನಿಗೆ ಹೋಗ್ತಾಳಂತೆ! ನೀವೇನ್ ಮಾಡ್ಕೊಂಡಿದೀರಾ ಈಗ?" ನಾನು ಬಾಯಿ ತೆರೆಯುವ ಮೊದಲೇ ನೀನು, "ಮಮ್ ಡ್ರೈವ್ಸ್ ಮೀ" ಅಂದೆ. ನಾನು ಚಿತ್ರಾನ್ನ ಬಡಿಸಲು ಎದ್ದೆ.

ಕ್ಲಾಸಿನಲ್ಲಿ ನನ್ನ ಪಕ್ಕ ಕೂರು ಎನ್ನುತ್ತಿಲ್ಲ. ಎಲ್ಲರ ಮುಂದೆ ಅಮ್ಮ ಎಂದು ಕರೆಯುವುದೂ ಬೇಡ. ಆದರೆ ಹೋದ ವಾರ ನೀನು ಶಭಾಸ್ ಅನ್ನಿಸಿಕೊಂಡ ಆ ಉತ್ತರ, ಬೆಳಿಗ್ಗೆ ನಿನ್ನನ್ನು ಸ್ಕೂಲಿಗೆ ಬಿಡುವಾಗ ಕಾರಿನಲ್ಲಿ ನಾನೇ ಹೇಳಿಕೊಟ್ಟದ್ದು.

ನಾಳೆ ಕೈ ಎತ್ತುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡು. ನನ್ನ ಕೈ ಆಗಲೇ ಮೇಲಿರುತ್ತದೆ.

ನಿನ್ನ,
ಅಮ್ಮ