ನಾಗಲಿಂಗಮ್ಮನ ಹೆಸರಿಗೆ ಬಂದ ಕಾಗದ

೧೨ ಫೆಬ್ರವರಿ ೨೦೨೫, ಬುಧವಾರ. ಕೂಡ್ಲಿಗಿ.

ಪಕ್ಕೀರಮ್ಮನ ಮಾತು ಮಧ್ಯಾಹ್ನದಿಂದ ತಲೆ ಬಿಟ್ಟು ಹೋಗುತ್ತಿಲ್ಲ. ಗುಡೇಕೋಟೆಯ ಅವರ ಮಹಿಳಾ ಸಂಘಕ್ಕೆ ಮನಿಲಾದಿಂದ ಇಂಗ್ಲಿಷ್ ಕಾಗದ ಬಂದಿತ್ತು, ಓದಿಸಲು ತಂದಿದ್ದಳು. ಹತ್ತು ದೇಶದ ಹೆಣ್ಣುಮಕ್ಕಳು ಸೇರಿ ಗಂಡಾಳಿಕೆಯ ವಿರುದ್ಧ ಚಳವಳಿ ಕಟ್ಟುತ್ತಾರಂತೆ, ಇವರಲ್ಲೊಬ್ಬರು ಬಂದು ಮಾತಾಡಬೇಕಂತೆ. ‘ಸಾಲಿಡಾರಿಟಿ’ ಎಂದರೇನೋ ಹೊಳೆಯಲಿಲ್ಲ, ಬಿ.ಎ. ಮುಗಿದು ನಲವತ್ತು ವರ್ಷವಾಯಿತು. ಗಟ್ಟಿತನ ಇರಬೇಕು ಎಂದೆ.

“ಪೂರಾ ಓದ್ರಿ ಅಣ್ಣಾರ. ಹೋದಸಲದಂಗ ಬರೇ ಫೋಟೋ ಕೇಳ್ಯಾರ ಅನಬ್ಯಾಡ್ರಿ,” ಎಂದು ನಕ್ಕಳು.

ಹನ್ನೆರಡು ವರ್ಷದ ಹಿಂದೆ ಇಂಥದೇ ಕರೆ ಇದೇ ಸಂಘದಲ್ಲಿದ್ದ ನನ್ನ ಹೆಂಡತಿ ನಾಗಲಿಂಗಮ್ಮನ ಹೆಸರಿಗೇ ಬಂದಿತ್ತು. ಹಳ್ಳಿಹಳ್ಳಿ ತಿರುಗಿ, ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ತಡೆದವಳು ಅವಳು. ನನಗೋ, ಹದಿನೈದು ದಿನ ರೊಟ್ಟಿ ಬಡಿಯುವವರು ಯಾರೆಂಬ ಚಿಂತೆ. ಫೋಟೋ ಮಾತ್ರ ಕಳಿಸಬೇಕಂತೆ ಎಂದು ಸುಳ್ಳು ಓದಿದೆ.

“ಆಕಿಗೆ ಗೊತ್ತಿತ್ತೇನು?” ಎಂದೆ.

“ಮರುದಿನಾನ ಟೀಚರ್ ಕಡೆ ಓದಿಸಿದ್ಲು. ನಮ್ಮನಿಯವರಿಗೆ ಹೇಳಬ್ಯಾಡಲೇ, ನಾಚಿಕಿ ಆಕ್ಕೈತಿ ಅಂದ್ಲು.”

ಆಮೇಲೆಯೇ ಅಲ್ಲವೇ ಅವಳು ಇಳಕಲ್ ಸೀರೆ ಉಟ್ಟು ನನ್ನ ಜೊತೆ ಸ್ಟುಡಿಯೋಕ್ಕೆ ಬಂದದ್ದು. ಕ್ಯಾಮೆರಾ ನೋಡು ಎಂದರೆ, ಪಕ್ಕದಲ್ಲಿ ನಿಂತಿದ್ದ ನನ್ನನ್ನೇ ನೋಡುತ್ತಿದ್ದಳು. ಗೋಡೆಯ ಮೇಲಿರುವುದು ಅದೇ ಫೋಟೋ. ದಿನಾ ಹೂ ಮುಡಿಸುತ್ತೇನೆ, ಆದರೆ ಆ ಕಣ್ಣು ಎಲ್ಲ ಗೊತ್ತಿದ್ದೇ ನನ್ನನ್ನು ನೋಡುತ್ತಿತ್ತೆಂದು ತಿಳಿದದ್ದು ಇವತ್ತು.