ಉರಿಹಲ್ಲಿಯ ಸಿಂಬಳ ಮತ್ತು ನಿಮ್ಮ ಎಡಮೀಸೆ

ಮಾನ್ಯ ಅಗ್ನಿಸುರಕ್ಷತಾಧಿಕಾರಿಗಳೇ,

ನಿಮ್ಮ ಎಡಮೀಸೆ ಸುಟ್ಟದ್ದು ನನ್ನಿಂದಲ್ಲ, ನಿಮ್ಮದೇ ಬಾಯಿಂದ. ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ಗುಮಾಸ್ತರು "ಸಾಹೇಬ್ರು ಇಲ್ಲಮ್ಮ" ಎಂದರು. ಬಾಗಿಲ ಸಂದಿಯಲ್ಲಿ ಅರ್ಧ ಮೀಸೆ ಕಾಣುತ್ತಿತ್ತು. ಹಾಗಾಗಿ ಈ ಪತ್ರವನ್ನು ಪೇಟೆ ಬೀದಿಯ ಗೋಡೆಗೆ ಅಂಟಿಸುತ್ತಿದ್ದೇನೆ. ನಮ್ಮ ಚಿಕ್ಕಪ್ಪನ ಕಿಚ್ಚಂಟಿನ ಉಗ್ರಾಣದ ಚಾವಣಿ ಹಾರಿಹೋದದ್ದು "ಏಳನೇ ತರಗತಿಯನ್ನೂ ಮುಗಿಸದ ಕೆಲಸಗಾರ್ತಿಯೊಬ್ಬಳು ಜಾಡಿಯ ಮುಚ್ಚಳ ತೆರೆದಿಟ್ಟ ಕಾರಣ" ಎಂದು ನಿಮ್ಮ ವರದಿ ಹೇಳುತ್ತದೆ. ಆ ಕೆಲಸಗಾರ್ತಿ ನಾನೇ. ಏಳನೇ ತರಗತಿ ಮುಗಿಸಿಲ್ಲ, ನಿಜ. ಅದರಲ್ಲಿ ಶಾಲೆಯ ತಪ್ಪೇನಿಲ್ಲ, ನನ್ನ ಕಾಲು ಬೆಂಚಿನ ಕೆಳಗೆ ನಿಲ್ಲುತ್ತಿರಲಿಲ್ಲ. ಆದರೆ ನಿಮ್ಮ ವಾಕ್ಯದಲ್ಲಿ ನಿಜವಿರುವುದು ಅಷ್ಟು ಮಾತ್ರ.

ಕಿಚ್ಚಂಟು ಎಂದರೇನೆಂದು ನಿಮಗೆ ಯಾರೂ ಹೇಳಿಕೊಟ್ಟಂತಿಲ್ಲ. ಹೋದ ವರ್ಷದವರೆಗೆ ನೀವು ದೋಣಿ ಇಲಾಖೆಯಲ್ಲಿದ್ದವರು. ಅಲ್ಲಿ ಯಾರು ಏನು ಹೇಳಿದರೂ ಹೆಚ್ಚೆಂದರೆ ಮುಳುಗುತ್ತಿತ್ತು. ಕಿಚ್ಚಂಟು ಬೆಟ್ಟದ ಉರಿಹಲ್ಲಿಗೆ ನೆಗಡಿಯಾದಾಗ ಅದರ ಮೂಗಿನಿಂದ ಸುರಿಯುವ ಹಳದಿ ಅಂಟು. ಸುತ್ತಿಗೆಯಲ್ಲಿ ಬಡಿಯಿರಿ, ಕೆಂಡದ ಮೇಲೆ ಕೂರಿಸಿ, ಸುಮ್ಮನಿರುತ್ತದೆ. ಅದರೆದುರು ಗೊತ್ತಿದ್ದೂ ಸುಳ್ಳು ಹೇಳಿ, ಹೊತ್ತಿಕೊಳ್ಳುತ್ತದೆ. ಚಿಕ್ಕ ಸುಳ್ಳಿಗೆ ಹೊಗೆ, ದೊಡ್ಡದಕ್ಕೆ ಜ್ವಾಲೆ. ನಮ್ಮ ಪಕ್ಕದ ಬೇಕರಿಯಾಕೆ ಬೆಳಿಗ್ಗೆ ಒಲೆಗೆ ಒಂದು ಚಿಟಿಕೆ ಅಂಟು ಹಾಕಿ "ಬೇಗ ಏಳೋದು ಅಂದ್ರೆ ನಂಗೆ ಪ್ರಾಣ" ಅನ್ನುತ್ತಾಳೆ, ಒಲೆ ಹತ್ತಿಕೊಳ್ಳುತ್ತದೆ. ಕಮ್ಮಾರನಿಗೆ ಹೆಚ್ಚು ಶಾಖ ಬೇಕು, ಅವನು ತನ್ನ ಭಾವಮೈದುನನನ್ನು ಹೊಗಳುತ್ತಾನೆ. ಇಂಥದ್ದರ ಒಂದು ಜಾಡಿಯನ್ನು ನ್ಯಾಯಾಲಯದಲ್ಲಿ ಇಡಬಾರದೇ ಎಂದು ಬುದ್ಧಿವಂತರು ಕೇಳುತ್ತಾರೆ. ಇಟ್ಟಿದ್ದರು. ಈಗ ಆ ಜಾಗದಲ್ಲಿ ಕೆರೆಯಿದೆ.

ಇದು ಪೇಟೆಯ ಮಕ್ಕಳಿಗೂ ಗೊತ್ತು. ಆದರೆ ನಿಮ್ಮ ಇಲಾಖೆಯ ನಲವತ್ತೆರಡು ಪುಟದ ಸುರಕ್ಷತಾ ಕೈಪಿಡಿಯಲ್ಲಿ ಬೆಂಕಿಕಡ್ಡಿಗೆ ಹನ್ನೊಂದು ಪುಟ ಮೀಸಲು, ಸುಳ್ಳಿಗೆ ಒಂದು ಸಾಲೂ ಇಲ್ಲ. ಸಾಲದೆಂಬಂತೆ ಈ ವರ್ಷ ಹೊಸ ನಿಯಮ: ತಪಾಸಣಾ ಪ್ರಮಾಣಪತ್ರವನ್ನು ಸರಕಿನ ಎದುರೇ ನಿಂತು ಗಟ್ಟಿಯಾಗಿ ಓದಬೇಕು! ಈ ನಿಯಮ ಬರೆದ ಮಹಾನುಭಾವರಿಗೆ ಕಿಚ್ಚಂಟಿನ ಮೇಲೆ ಹಗೆಯಿತ್ತೇ, ನಿಮ್ಮ ಮೇಲೆ ಹಗೆಯಿತ್ತೇ?

ಆ ದಿನ ನೀವು ಬಂದಾಗ ಚಿಕ್ಕಪ್ಪ ಉಗ್ರಾಣದೊಳಗೆ ನಿಂತೇ ಕೈ ಮುಗಿದರು. "ಬನ್ನಿ ಸ್ವಾಮಿ. ನೀವು ಬಂದಿದ್ದು ನಂಗೇನೂ ಖುಷಿಯಿಲ್ಲ. ಆದ್ರೂ ಕೂತ್ಕೊಳ್ಳಿ."

"ಏನ್ರೀ ಇದು, ಅಧಿಕಾರಿಗೆ ಕೊಡೋ ಮರ್ಯಾದೆನಾ?"

"ಮರ್ಯಾದೆ ಹೊಸ್ತಿಲಿಂದಾಚೆ ಸ್ವಾಮಿ. ಒಳಗೆ ನಿಜ ಮಾತ್ರ. ಮೂವತ್ತು ವರ್ಷದಿಂದ ಹಿಂಗೇ ಇದೀವಿ, ಒಂದು ಜಾಡೀನೂ ಕೆಮ್ಮಿಲ್ಲ."

ನೀವು ನಕ್ಕು ಕಾಗದ ಬಿಚ್ಚಿದಿರಿ. "ನಾನು ಪ್ರತಿಯೊಂದು ಜಾಡಿಯನ್ನೂ ಖುದ್ದಾಗಿ ಪರಿಶೀಲಿಸಿರುತ್ತೇನೆ" ಎಂದು ಓದಿದಿರಿ. ನೋಡಿದ್ದು ಒಂದು ಜಾಡಿ, ಅದೂ ಬಾಗಿಲಿಂದ, ಮೂಗಿಗೆ ಕರವಸ್ತ್ರ ಹಿಡಿದು. ಮೊದಲ ಸಾಲಿನ ಮುಚ್ಚಳಗಳು ಗಡಗಡ ಅಂದವು. "ಯಾವುದೇ ಆತುರವಿಲ್ಲದೆ" ಎಂದಿರಿ; ಹೊರಗೆ ನಿಮ್ಮ ಗಾಡಿಯವನು ಕುದುರೆಯನ್ನು ಬಿಚ್ಚಿಯೇ ಇರಲಿಲ್ಲ. ಹೊಗೆ ಎದ್ದಿತು. ನಿಮ್ಮ ಗುಮಾಸ್ತರು "ಸಾರ್, ಸಾಕು ಸಾರ್, ಉಳಿದಿದ್ದು ಮನೇಲಿ ಓದ್ಕೊಳ್ಳೋಣ" ಎಂದು ಅಂಗಿ ಜಗ್ಗಿದರು. ನೀವು ದನಿ ಏರಿಸಿ "ಯಾರಿಂದಲೂ ಯಾವ ಉಡುಗೊರೆಯನ್ನೂ ಸ್ವೀಕರಿಸಿರುವುದಿಲ್ಲ" ಎಂದಿರಿ. ನಿಮ್ಮ ಕಂಕುಳಲ್ಲಿ ಚಿಕ್ಕಪ್ಪನ ಹೊಸ ಕಂಬಳಿ ಇತ್ತು. ಚಿಕ್ಕಪ್ಪ ಅದನ್ನು ಕೊಟ್ಟದ್ದೂ ತಪ್ಪೇ. ಹೀಗೆ ಬರೆದದ್ದಕ್ಕೆ ಅವರು ನನ್ನೊಡನೆ ಮಾತು ಬಿಟ್ಟರೆ ಬಿಡಲಿ.

ಮುಂದಿನದನ್ನು ಇಡೀ ಪೇಟೆ ಕೇಳಿಸಿಕೊಂಡಿದೆ. ಮೂವತ್ತು ಜಾಡಿ ಹೋದವು. ಚಾವಣಿ ಸೂಲಗಿತ್ತಿಯ ಹಿತ್ತಲಲ್ಲಿ ಬಿತ್ತು. ಆಕೆ ಅದನ್ನು ಕೋಳಿಗೂಡಿಗೆ ಹೊದಿಸಿದ್ದಾಳೆ, ವಾಪಸ್ ಕೊಡುವುದಿಲ್ಲವಂತೆ. ನಿಮ್ಮ ಮೀಸೆಯ ಬೆಂಕಿಯನ್ನು ನಂದಿಸಿದ್ದು ಅದೇ ಕಂಬಳಿ. ಇಲ್ಲದ ಉಡುಗೊರೆಯೊಂದು ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಈಗ ನನ್ನ ತಪ್ಪು. ನಾನು ಮುಚ್ಚಳದವಳು. ಮುಚ್ಚಳ ಭದ್ರವಾಗಿ ಕಟ್ಟುವುದು, ಹೊಗೆ ಕಂಡರೆ "ಬಾಯ್ಮುಚ್ಚಿ!" ಎಂದು ಕೂಗುವುದು, ಇವೆರಡೇ ನನ್ನ ಕೆಲಸ. ಮುಚ್ಚಳಗಳೆಲ್ಲ ಭದ್ರವಾಗಿದ್ದವು. ಆದರೆ ನಾನು ಕೂಗಲಿಲ್ಲ. ಭಯದಿಂದಲ್ಲ. ಮುಂದಿನ ಸಾಲು ಏನಿರಬಹುದೆಂದು ಕೇಳುವ ಆಸೆಯಿಂದ. ಇದಕ್ಕೆ ಶಿಕ್ಷೆ ಕೊಡಿ, ಒಂದು ತಿಂಗಳು ಜಾಡಿ ತೊಳೆಯುತ್ತೇನೆ. ಮಾಡದ ತಪ್ಪನ್ನು ಮಾತ್ರ ತಲೆಗೆ ಕಟ್ಟಬೇಡಿ.

ನೀವು ಉಗ್ರಾಣಕ್ಕೆ ಬೀಗ ಜಡಿದು ಇಪ್ಪತ್ತು ದಿನವಾಯಿತು. ಚಿಕ್ಕಪ್ಪ, ಚಿಕ್ಕಮ್ಮ, ಜಾಡಿ ಹೊರುವ ನಾಲ್ವರು ಕೈಕಟ್ಟಿ ಕೂತಿದ್ದಾರೆ. "ಮುಚ್ಚಳ ತೆರೆದಿಟ್ಟವಳು ನಾನೇ" ಎಂದು ನಾನು ಸಹಿ ಹಾಕಿ, ಅದನ್ನು ಪ್ರತಿದಿನ ಬೆಳಿಗ್ಗೆ ಉಗ್ರಾಣದೊಳಗೆ ಗಟ್ಟಿಯಾಗಿ ಓದಿದರೆ ಬೀಗ ತೆಗೆಯುತ್ತೀರಂತೆ.

"ಹಾಕ್ಬಿಡೇ ಮಗಳೇ," ಎಂದರು ಚಿಕ್ಕಪ್ಪ. "ಒಂದು ಸಹಿಗೆ ನಿನ್ನ ಗಂಟೇನು ಹೋಗತ್ತೆ?"

"ಗಂಟಲ್ಲ, ಮನೇನೇ ಹೋಗತ್ತೆ," ಎಂದರು ಚಿಕ್ಕಮ್ಮ. "ಹಿಂದಿನ ಕೋಣೇಲಿ ಇನ್ನೂ ಅರವತ್ತು ಜಾಡಿ ಇದೆ. ಇವಳು ಆ ಕಾಗದ ಓದ್ಲಿ, ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ನಾನು ತವರಿಗೆ ಹೋಗಿರ್ತೀನಿ."

ಮಾನ್ಯರೇ, ಉಗ್ರಾಣದ ಒಂದು ಪಕ್ಕಕ್ಕೆ ಬೇಕರಿ, ಇನ್ನೊಂದು ಪಕ್ಕಕ್ಕೆ ಸೂಲಗಿತ್ತಿಯ ಮನೆ. ಅಲ್ಲಿ ಈ ವಾರ ಮೂವರು ಬಸುರಿಯರು ಮಲಗಿದ್ದಾರೆ. ನಿಮ್ಮ ಸುರಕ್ಷತಾ ಷರತ್ತು ಪಾಲಿಸಿದರೆ ಇಡೀ ಬೀದಿ ಬೂದಿ.

ಆದ್ದರಿಂದ ನನ್ನ ಬೇಡಿಕೆ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪೇಟೆಯ ಬಾವಿಕಟ್ಟೆಗೆ ಬನ್ನಿ. ಒಂದು ಚಮಚ ಕಿಚ್ಚಂಟು ಇಡುತ್ತೇವೆ, ಜೊತೆಗೆ ನಾಲ್ಕು ಬಿಂದಿಗೆ ನೀರು. ನೀವು ನಿಮ್ಮ ವರದಿ ಓದಿ, ನಾನು ಈ ಪತ್ರ ಓದುತ್ತೇನೆ. ಯಾರದ್ದು ಹೊತ್ತಿಕೊಳ್ಳುವುದಿಲ್ಲವೋ ಅವರ ಮಾತು ನಿಲ್ಲಲಿ. ಬರಲು ಆಗದಿದ್ದರೆ ವರದಿಯನ್ನು ವಾಪಸ್ ಪಡೆದು ಬೀಗದ ಕೈ ಕಳಿಸಿಕೊಡಿ. ಉಳಿದ ಅರ್ಧ ಮೀಸೆಯಾದರೂ ಕ್ಷೇಮವಾಗಿರುತ್ತದೆ.

ನನ್ನ ಕಡೆಯಿಂದ ಮೋಸವಾಗದಿರಲೆಂದು ಬೇಕರಿಯಾಕೆಯ ಹತ್ತಿರ ಒಂದು ಚಮಚ ಅಂಟು ಕೇಳಿ ತಂದು, ಅದರೆದುರು ಈ ಪತ್ರವನ್ನು ಮೊದಲಿಂದ ಕೊನೆಯವರೆಗೂ ಓದಿದ್ದೇನೆ. ಒಂದೇ ಒಂದು ಕಡೆ ಹೊತ್ತಿಕೊಂಡಿತು. ಕೊನೆಯಲ್ಲಿ "ತಮ್ಮ ವಿಧೇಯಳು" ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ.

ಇಂತಿ,
ಈಗ ಒಂದೇ ಹುಬ್ಬಿರುವ
ಮುಚ್ಚಳದವಳು