ಟ್ಯಾಂಕ್ ಮೂರನೆಯದಲ್ಲ

ಜೂನ್ 3, ಮಂಗಳವಾರ
ಮತ್ತೆ ಪಟ್ಟಿ ತಿದ್ದಿದೆ. ಮೂರನೇ ಸಲ. ಹಳೇ ಟಿವಿ ಗೇಮುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ... ನಲವತ್ತಾದ ಹೈಸ್ಕೂಲು ಮೇಡಂ ಮಾಡುವ ಕೆಲಸವೇ ಇದು! ಆನ್‌ಲೈನಿನಲ್ಲಿ ತರಿಸಿದ ಡಬ್ಬಿಯಲ್ಲಿ ಆರುನೂರು ಗೇಮ್ ಇವೆ. ನಮ್ಮ ಆಗಿನ ಕ್ಯಾಸೆಟ್ ಮೇಲೆ 9999 ಅಂತಿತ್ತು, ಇದ್ದದ್ದು ಏಳು. ಒಂದರ ನಿಜವಾದ ಹೆಸರೂ ಗೊತ್ತಿರಲಿಲ್ಲ. ನಾವಿಟ್ಟದ್ದೇ ಹೆಸರು.
ಒಂದು, ಅಣಬೆ. ಎರಡು, ಬಾತುಕೋಳಿ. ಮೂರು, ಟ್ಯಾಂಕ್. ನಾಲ್ಕು, ಸರ್ಕಸ್. ಐದನೆಯದು ಇನ್ನೂ ತೀರ್ಮಾನವಾಗಿಲ್ಲ.

ಜೂನ್ 4
ಪಾಠ ಮಾಡುವಾಗಲೂ ಬಸವಾಪಟ್ಟಣದ ತವರುಮನೆಯೇ ಕಣ್ಣ ಮುಂದೆ. ಅತ್ತಿಗೆ ಮದುವೆಯಾಗಿ ಬಂದ ವರ್ಷ. ನನಗೆ ಹದಿನಾರು, ಅವರಿಗೆ ಇಪ್ಪತ್ತು. ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋದರೆ ಸಾಕು, ಕ್ಯಾಸೆಟ್ಟಿನ ಧೂಳು ಊದಿ ಸಿಕ್ಕಿಸಿ ಇಬ್ಬರೂ ಟಿವಿ ಮುಂದೆ. ಅತ್ತಿಗೆಯ ಪಕ್ಕದಲ್ಲಿ ಅಕ್ಕಿ ಹಾಕಿದ ಮೊರ ಸದಾ ಸಿದ್ಧ. ಗೇಟು ಸದ್ದಾದರೆ ಗೇಮಿನ ರಿಮೋಟ್ ನನ್ನ ಕೈಗೆ, ಮೊರ ಅವರ ಕೈಗೆ. ಅಂಥ ಮಧ್ಯಾಹ್ನಗಳು ಆಮೇಲೆ ಬರಲೇ ಇಲ್ಲ.
ಟ್ಯಾಂಕನ್ನು ಕೊನೇ ಸ್ಟೇಜಿನ ತನಕ ತಂದದ್ದು ಅವರು. ಮುಗಿಸಿ ಬೀಗಿದ್ದು ನಾನು.

ಜೂನ್ 5
ಬರೆದೇ ಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ, ತೀರಿಕೊಂಡ ಅವ್ವನ ಶಿವಗಣಾರಾಧನೆಯ ದಿನ, ಊಟಕ್ಕೆ ಕೂತಾಗ ನಗುತ್ತಾ ಹೇಳಿಬಿಟ್ಟೆ— ಅತ್ತಿಗೆ ಕದ್ದು ಗೇಮ್ ಆಡುತ್ತಿದ್ದರು ಅಂತ. ಅವ್ವನ ಅಕ್ಕ ಕರಿಬಸಮ್ಮ ದೊಡ್ಡಮ್ಮ ಸುಮ್ಮನಿರುವ ಪೈಕಿಯೇ?
"ಹಂಗಾರೆ ನಮ್ಮ ತಂಗಿ ದುಡಿದು ದುಡಿದು ಸತ್ಲು, ಸೊಸೆ ಆಟ ಆಡ್ಕಂತ ಕುಂತಿದ್ಲು!"
ಎಲ್ಲರೂ ನಕ್ಕರು. ಬಡಿಸುತ್ತಿದ್ದ ಅತ್ತಿಗೆ ಸೌಟು ಕೆಳಗಿಟ್ಟು ಒಳಗೆ ಹೋದರು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!
ಪಟ್ಟಿಯ ಫೋಟೋ ವಾಟ್ಸಾಪ್ ಮಾಡಿದೆ. ಕೆಳಗೆ, "ತಪ್ಪಾಯ್ತು ಅತ್ತಿಗೆ."

ಜೂನ್ 6
ನೀಲಿ ಟಿಕ್ ಬಂತು, ಅಷ್ಟೇ.

ಜೂನ್ 19, ಬೆಳಿಗ್ಗೆ 7
"ಟ್ಯಾಂಕ್ ಮೂರನೇದಾ? ತಲೆ ನೆಟ್ಟಗೈತಾ ನಿಂಗೆ?"
ಅತ್ತಿಗೆಯ ಮೆಸೇಜ್! ಓದಿ ಅತ್ತುಬಿಟ್ಟೆ. "ನೀವೇ ಬಂದು ತಿದ್ರಿ" ಅಂತ ಬರೆದೆ.

ಜೂನ್ 22, ಭಾನುವಾರ, ಸಂಜೆ 5
ಬಂದಿದ್ದಾರೆ! ಹನ್ನೊಂದರ ಬಸ್ಸಿನಲ್ಲಿ ಬಂದು ನಮ್ಮ ಹೊನ್ನಾಳಿಯಲ್ಲಿ ಇಳಿದರು. ಹಳೆಯದನ್ನು ಎತ್ತಲಿಲ್ಲ. ಡಬ್ಬಿ ತಿರುಗಿಸಿ ನೋಡಿ, "ಕ್ಯಾಸೆಟ್ ಊದಾಕೇ ಇಲ್ವಲ್ಲೇ ಇದ್ರಾಗೆ?" ಅಂದರು. ಊಟವಾದ ಮೇಲೆ ಬರೀ ಟ್ಯಾಂಕ್. ಈಗಷ್ಟೇ ಕೊನೇ ಸ್ಟೇಜ್ ಬಂತು.
ಗೇಟು ಸದ್ದಾಯಿತು. ಕರಿಬಸಮ್ಮ ದೊಡ್ಡಮ್ಮನ ದನಿ. ಇದೇ ಬೀದಿಯವರು, ಸುದ್ದಿ ಮುಟ್ಟಿರಬೇಕು. ಅತ್ತಿಗೆಯ ಕೈ ತಾನಾಗಿಯೇ ರಿಮೋಟನ್ನು ನನ್ನತ್ತ ಚಾಚಿತು. ನಲವತ್ತನಾಲ್ಕು ವರ್ಷದ ಹೆಂಗಸು!
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ನೀವೇ ಮುಗಿಸ್ರಿ ಅತ್ತಿಗೆ."
ದೊಡ್ಡಮ್ಮ ಬಾಗಿಲಿಗೆ ಬಂದರು. "ಇನ್ನೂ ಬಿಟ್ಟಿಲ್ವಾ ಇದನ್ನ?"
ಅತ್ತಿಗೆ ತಿರುಗಿ ನೋಡಲಿಲ್ಲ. "ಕುಂದ್ರಿ ಅತ್ತೆ. ಇನ್ನೂ ಹನ್ನೆರಡು ಟ್ಯಾಂಕ್ ಅದಾವೆ. ಮುಗಿಸಿ ಬರ್ತೀನಿ."
ದೊಡ್ಡಮ್ಮ ಕೂತರು!
ಚಹಾಕ್ಕಿಟ್ಟು ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಪಟ್ಟಿ ತಿದ್ದಬೇಕು. ಒಂದನೆಯದು—
ಅತ್ತಿಗೆ ಕೂಗುತ್ತಿದ್ದಾರೆ. "ವಾಣಿ, ಒಂದೇ ಟ್ಯಾಂಕ್ ಉಳಿದೈತೆ, ಬಾರೇ!"